ಲುವಾಂಟಿ ಆಟ ಮತ್ತು ಅದರ ಮಾಡ್‌ಗಳು: ಐದು ಮಳೆಗಾಲದ ಬಳಕೆಯ ನಂತರ

ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮಳೆ ಹಿಡಿದರೆ ವಿದ್ಯುತ್ತು ದಿನಕ್ಕೆ ನಾಲ್ಕಾರು ಸಲ ಹೋಗಿ ಬರುತ್ತದೆ. ಇಂಟರ್‌ನೆಟ್ಟು ಹೋದರೆ ಕೆಲವೊಮ್ಮೆ ವಾರವಾದರೂ ಬರುವುದಿಲ್ಲ. 2021ರ ಜುಲೈ ತಿಂಗಳಲ್ಲಿ, ಶಾಲೆಗಳು ಇನ್ನೂ ಮುಚ್ಚಿದ್ದಾಗ, ಅಕ್ಕನ ಮಗ ನಮ್ಮ ಮನೆಯಲ್ಲಿಯೇ ಇದ್ದ. ಅವನಿಗೆ ಬ್ಲಾಕ್ ಜೋಡಿಸಿ ಊರು ಕಟ್ಟುವಂಥ ಆಟ ಬೇಕಾಗಿತ್ತು. ನನ್ನ ಬಳಿ ಇದ್ದದ್ದು 4 ಜಿಬಿ ಮೆಮೊರಿಯ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಬ್ಯಾಟರಿ ಸತ್ತುಹೋಗಿದ್ದ ಒಂದು ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಸಲೀಸಾಗಿ ಓಡಿದ ಆಟ ಲುವಾಂಟಿ; ಆಗಿನ್ನೂ ಅದರ ಹೆಸರು ಮೈನ್‌ಟೆಸ್ಟ್. ಅಂದು ಆರಂಭಿಸಿದ ಅದೇ ಲೋಕವನ್ನು ನಾವು ಇಂದಿಗೂ ಆಡುತ್ತಿದ್ದೇವೆ. ಈ ವಿಮರ್ಶೆ ಮುಖ್ಯವಾಗಿ ಅದಕ್ಕೆ ಹೊಸ ವಸ್ತು, ಹೊಸ ವರ್ತನೆಗಳನ್ನು ಸೇರಿಸುವ ಸಣ್ಣ ತಂತ್ರಾಂಶಗಳಾದ ಮಾಡ್‌ಗಳನ್ನು ಹಾಕಿಕೊಳ್ಳುವುದರ ಬಗ್ಗೆ, ಏಕೆಂದರೆ ಮಾಡ್‌ಗಳಿಲ್ಲದೆ ಈ ಆಟದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಲುವಾಂಟಿಯನ್ನು 2010ರಲ್ಲಿ ಫಿನ್‌ಲೆಂಡಿನ ಪರ್ಟ್ಟು ಅಹೋಲಾ ಆರಂಭಿಸಿದರು. ಇದು ಉಚಿತವಾದ, ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶ. 2024ರ ಅಕ್ಟೋಬರಿನಲ್ಲಿ ಅದಕ್ಕೆ ಹೊಸ ಹೆಸರು ಬಂತು. ಫಿನ್ನಿಶ್ ಭಾಷೆಯಲ್ಲಿ ಸೃಷ್ಟಿ ಎಂಬ ಅರ್ಥದ 'ಲುವೊಂತಿ' ಎಂಬ ಪದವನ್ನು, ಮಾಡ್ ಬರೆಯಲು ಬಳಸುವ 'ಲುವಾ' ಭಾಷೆಯ ಹೆಸರಿನೊಂದಿಗೆ ಬೆಸೆದು ಈ ಹೆಸರನ್ನು ಮಾಡಿದ್ದಾರೆ. ಹೆಸರು ಬದಲಾದದ್ದು ಒಳ್ಳೆಯದೇ ಆಯಿತೆಂದು ನನ್ನ ಭಾವನೆ, ಏಕೆಂದರೆ ಇದು ಒಂದು ಆಟ ಎನ್ನುವುದಕ್ಕಿಂತ ಆಟಗಳನ್ನು ಓಡಿಸುವ ಯಂತ್ರ. ಮರ, ಕಲ್ಲು, ನೀರು, ಗುದ್ದಲಿ ಎಲ್ಲವೂ ಮಾಡ್‌ಗಳಾಗಿಯೇ ಬರುತ್ತವೆ. 'ಆಟ' ಎನ್ನುವುದು ಅಂಥ ಮಾಡ್‌ಗಳ ಒಂದು ಕಟ್ಟು ಮಾತ್ರ. 5.8ನೇ ಆವೃತ್ತಿಯಿಂದ ಈಚೆಗೆ ಆ ಮೂಲ ಕಟ್ಟನ್ನೂ ಜೊತೆಯಲ್ಲಿ ಕೊಡುವುದಿಲ್ಲ. ಹೊಸದಾಗಿ ಹಾಕಿಕೊಂಡವರು ಮೊದಲು ಒಂದು ಆಟವನ್ನು ಇಳಿಸಿಕೊಳ್ಳಬೇಕು. ಹಳ್ಳಿಯಲ್ಲಿರುವವರು ಇದನ್ನು ಮೊದಲೇ ತಿಳಿದು, ಸಾಗರಕ್ಕೋ ಶಿವಮೊಗ್ಗಕ್ಕೋ ಹೋದಾಗ ಎರಡನ್ನೂ ಪೆನ್‌ಡ್ರೈವಿನಲ್ಲಿ ತಂದುಕೊಳ್ಳುವುದು ಲೇಸು.

ಮಾಡ್ ಹಾಕುವುದಕ್ಕೆ ಎರಡು ದಾರಿಗಳಿವೆ. ಇಂಟರ್‌ನೆಟ್ ಇದ್ದಾಗ ಆಟದ ಮುಖಪುಟದಿಂದಲೇ ಕಂಟೆಂಟ್‌ಡಿಬಿ ಎಂಬ ಭಂಡಾರವನ್ನು ತೆರೆದು, ಬೇಕಾದ ಮಾಡ್ ಹುಡುಕಿ, ಒಂದು ಗುಂಡಿ ಒತ್ತಿದರೆ ಸಾಕು. ಆ ಮಾಡ್ ಬೇರೆ ಮಾಡ್‌ಗಳನ್ನು ಅವಲಂಬಿಸಿದ್ದರೆ ಅವನ್ನೂ ತಾನೇ ಕೇಳಿ ಇಳಿಸಿಕೊಳ್ಳುತ್ತದೆ. ಭಂಡಾರಕ್ಕೆ ಸೇರುವ ಮೊದಲು ಪ್ರತಿಯೊಂದನ್ನೂ ಅಲ್ಲಿನ ಸಂಪಾದಕರು ನೋಡಿ ಒಪ್ಪಿರುತ್ತಾರೆ, ಪರವಾನಗಿ ಯಾವುದೆಂಬುದು ಸ್ಪಷ್ಟವಾಗಿ ನಮೂದಾಗಿರುತ್ತದೆ. ಎರಡನೆಯದು, ಜಿಪ್ ಕಡತವನ್ನು ತಂದು 'ಮಾಡ್ಸ್' ಫೋಲ್ಡರಿನೊಳಗೆ ನಾವೇ ಬಿಡಿಸುವ ದಾರಿ. ನಾವು ಹೆಚ್ಚಾಗಿ ಬಳಸಿದ್ದು ಇದನ್ನೇ, ತಪ್ಪುಗಳು ಆಗಿದ್ದೂ ಇದರಲ್ಲಿಯೇ. ಜಿಪ್ ಬಿಡಿಸಿದಾಗ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರು ಹುಟ್ಟಿಕೊಳ್ಳುವುದು ಸಾಮಾನ್ಯ, ಆಗ ಮಾಡ್ ಪಟ್ಟಿಯಲ್ಲಿ ಸರಿಯಾಗಿ ಕಾಣುವುದಿಲ್ಲ. 'ಮಾಡ್.ಕಾನ್ಫ್' ಎಂಬ ವಿವರಗಳ ಕಡತದಲ್ಲಿ ಹೆಸರು ಕೊಟ್ಟಿಲ್ಲದಿದ್ದರೆ ಫೋಲ್ಡರಿನ ಹೆಸರೇ ಮಾಡ್‌ನ ಹೆಸರಾಗುತ್ತದೆ. ಅದರಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ ಮತ್ತು ಅಡಿಗೆರೆ ಬಿಟ್ಟು ಬೇರೆ ಏನಿದ್ದರೂ ಆಟ ಒಪ್ಪುವುದಿಲ್ಲ. ಇಳಿಸಿಕೊಂಡ ಫೋಲ್ಡರಿನ ಕೊನೆಗೆ 'ಮಾಸ್ಟರ್' ಎಂಬ ಪದ ನಡುಗೆರೆಯೊಂದಿಗೆ ಅಂಟಿಕೊಂಡಿದ್ದರೆ ಅದನ್ನು ತೆಗೆಯಬೇಕು ಎಂಬುದನ್ನು ತಿಳಿಯಲು ನಮಗೆ ಒಂದು ಸಂಜೆ ಪೂರ್ತಿ ಹಿಡಿಯಿತು.

ಮಾಡ್ ಫೋಲ್ಡರಿಗೆ ಬಂದ ಮಾತ್ರಕ್ಕೆ ಆಟಕ್ಕೆ ಬಂದಂತಲ್ಲ. ಪ್ರತಿಯೊಂದು ಲೋಕಕ್ಕೂ ಯಾವ ಮಾಡ್ ಬೇಕು ಎಂಬುದನ್ನು ಬೇರೆಯಾಗಿ ಗುರುತು ಹಾಕಬೇಕು. ಆ ಗುರುತು ಲೋಕದ ಫೋಲ್ಡರಿನಲ್ಲಿರುವ 'ವರ್ಲ್ಡ್.ಎಂಟಿ' ಎಂಬ ಸಣ್ಣ ಪಠ್ಯ ಕಡತದಲ್ಲಿ ಉಳಿಯುತ್ತದೆ. ಈ ವ್ಯವಸ್ಥೆ ನನಗೆ ತುಂಬ ಹಿಡಿಸಿದೆ. ಹೊಸ ಮಾಡ್ ಬಂದಾಗಲೆಲ್ಲ ನಾವು ಮೊದಲು 'ಪರೀಕ್ಷೆ' ಎಂದು ಕರೆಯುವ ಬೇರೊಂದು ಲೋಕದಲ್ಲಿ ಹಾಕಿ, ಒಂದು ವಾರ ಆಡಿ, ಆಮೇಲೆ ದೊಡ್ಡ ಲೋಕಕ್ಕೆ ತರುತ್ತೇವೆ.

ಆ ಒಂದು ವಾರ ಏಕೆ ಬೇಕು ಎಂಬುದನ್ನು ವಿವರವಾಗಿ ಹೇಳಬೇಕು. ಲೋಕದ ನಕ್ಷೆಯಲ್ಲಿ ಪ್ರತಿಯೊಂದು ಬ್ಲಾಕ್ ಉಳಿಯುವುದು ಅದು ಬಂದ ಮಾಡ್‌ನ ಹೆಸರಿನೊಂದಿಗೆ. ಮಾಡ್ ತೆಗೆದುಬಿಟ್ಟರೆ ಅದರ ಬ್ಲಾಕ್‌ಗಳು ಮಾಯವಾಗುವುದಿಲ್ಲ. 'ಗೊತ್ತಿಲ್ಲದ ಬ್ಲಾಕ್' ಎಂಬ ಬರಹ ಹೊತ್ತು ಅಲ್ಲಿಯೇ ನಿಂತಿರುತ್ತವೆ. 2022ರಲ್ಲಿ ಹುಡುಗ ಒಂದು ಬೇಸಾಯದ ಮಾಡ್ ಅನ್ನು ನಿಲ್ಲಿಸಿದ. ಮರುದಿನ ಇಡೀ ಗದ್ದೆಯ ಬಯಲು ಇಂಥ ಗುರುತಿಲ್ಲದ ಬ್ಲಾಕ್‌ಗಳಿಂದ ತುಂಬಿತ್ತು. ಅವನು ಹೆದರಿ ಅರ್ಧದಷ್ಟನ್ನು ಅಗೆದು ಹಾಕಿದ. "ಮಾವ, ಗದ್ದೆ ಹಾಳಾಯ್ತು" ಎಂದು ಬಂದು ನಿಂತಾಗ ಮಾಡ್ ಅನ್ನು ಮತ್ತೆ ಚಾಲೂ ಮಾಡಿ ನೋಡಿದೆವು. ಅಗೆಯದೆ ಬಿಟ್ಟಿದ್ದ ಸಸಿಗಳೆಲ್ಲ ಇದ್ದ ಜಾಗದಲ್ಲಿ ಇದ್ದಂತೆಯೇ ಮರಳಿ ಬಂದವು. ಅಗೆದವು ಮಾತ್ರ ಬರಲಿಲ್ಲ. ಆದ್ದರಿಂದ ಮಾಡ್ ತೆಗೆದ ನಂತರ ಗುರುತಿಲ್ಲದ ಬ್ಲಾಕ್‌ಗಳು ಕಂಡರೆ ಅವನ್ನು ಮುಟ್ಟಬಾರದು. ಹಾಗೆಯೇ, ಒಂದು ಮಾಡ್ ಅನ್ನು ದೊಡ್ಡ ಲೋಕಕ್ಕೆ ಸೇರಿಸಿ ಅದರ ಹೆಂಚಿನಿಂದ ಮನೆಗೆ ಚಾವಣಿ ಹೊದಿಸಿದ ಮೇಲೆ, ಆ ಮನೆ ಇರುವವರೆಗೂ ಆ ಮಾಡ್ ಇರಬೇಕು. ಮೊದಲ ವರ್ಷ ನಾವು ಅರವತ್ತಕ್ಕೂ ಹೆಚ್ಚು ಮಾಡ್ ಹಾಕಿದ್ದೆವು. ಈಗ ಇರುವುದು ಇಪ್ಪತ್ತಮೂರು. ಅವುಗಳಲ್ಲಿ ಎರಡನ್ನು ನಾವು ಬಳಸುವುದೇ ಇಲ್ಲ, ಆದರೆ ಅವುಗಳ ಕಂಬಗಳ ಮೇಲೆ ಒಂದು ಸೇತುವೆ ನಿಂತಿದೆ.

ಮಾಡ್ ನವೀಕರಿಸುವಾಗ ಇದೇ ತೊಂದರೆ ಬೇರೊಂದು ರೂಪದಲ್ಲಿ ಬರುತ್ತದೆ. ಒಬ್ಬ ಕರ್ತೃ ತಮ್ಮ ಮಾಡ್‌ನ ಹೊಸ ಆವೃತ್ತಿಯಲ್ಲಿ ಬ್ಲಾಕ್‌ಗಳ ಹೆಸರುಗಳನ್ನೇ ಬದಲಾಯಿಸಿದ್ದರು. ಹಳೆಯ ಹೆಸರಿನಿಂದ ಹೊಸದಕ್ಕೆ ಕೊಂಡಿ ಕೊಟ್ಟಿರಲಿಲ್ಲ. ನಮ್ಮ ಜಗಲಿಯ ಕಂಬಗಳೆಲ್ಲ ಗುರುತು ಕಳೆದುಕೊಂಡವು. ಇಂಥದ್ದಕ್ಕೆ ಲುವಾಂಟಿಯಲ್ಲಿ 'ಏಲಿಯಸ್' ಎಂಬ ಪರಿಹಾರವಿದೆ. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಒಂದು ಸಾಲಿನಲ್ಲಿ ಬರೆದುಕೊಟ್ಟರೆ ಆಟ ಒಂದನ್ನು ಇನ್ನೊಂದಾಗಿ ಓದಿಕೊಳ್ಳುತ್ತದೆ. ಎರಡು ಸಣ್ಣ ಕಡತಗಳ, ಹನ್ನೊಂದು ಸಾಲಿನ ಒಂದು ಮಾಡ್ ಬರೆದು ಹಾಕಿದೆವು, ಕಂಬಗಳು ಮರಳಿದವು. ನಾನು ಪ್ರೋಗ್ರಾಮಿಂಗ್ ಕಲಿತವನಲ್ಲ. ಸಾಮಾನ್ಯ ಬಳಕೆದಾರ ತನ್ನ ಲೋಕವನ್ನು ತಾನೇ ದುರಸ್ತಿ ಮಾಡಿಕೊಳ್ಳಲು ಸಾಧ್ಯವಾಗುವುದು ಇಲ್ಲಿನ ಮಾಡ್‌ಗಳು ಮುಚ್ಚಿದ ಪೆಟ್ಟಿಗೆಗಳಲ್ಲ, ತೆರೆದು ಓದಬಹುದಾದ ಪಠ್ಯ ಎಂಬ ಕಾರಣದಿಂದ. ಐದು ವರ್ಷಗಳಲ್ಲಿ ನನಗೆ ಈ ಆಟದ ಮೇಲೆ ಬೆಳೆದಿರುವ ಗೌರವದ ಬಹುಪಾಲು ಇದಕ್ಕೆ ಸಲ್ಲುತ್ತದೆ.

ವಿದ್ಯುತ್ತಿನ ವಿಷಯ. ಆಟವು ನಕ್ಷೆಯನ್ನು ಸುಮಾರು ಐದು ಸೆಕೆಂಡಿಗೊಮ್ಮೆ ಡಿಸ್ಕಿಗೆ ಬರೆಯುತ್ತದೆ. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಎಷ್ಟು ಸಲ ಹಠಾತ್ತನೆ ಆರಿದರೂ ನಮ್ಮ ನಕ್ಷೆ ಕೆಟ್ಟಿಲ್ಲ. ಆದರೂ ಲೋಕದ ಫೋಲ್ಡರು ಮತ್ತು ಮಾಡ್ಸ್ ಫೋಲ್ಡರು ಎರಡನ್ನೂ ಒಟ್ಟಿಗೆ ನಕಲು ಮಾಡಿ ಇಡುತ್ತೇವೆ. ಲೋಕವನ್ನು ಮಾತ್ರ ನಕಲು ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಆ ದಿನದ ಮಾಡ್‌ಗಳ ಆ ಆವೃತ್ತಿಗಳೇ ಅದಕ್ಕೆ ಬೇಕು.

ಒಟ್ಟಿಗೆ ಆಡುವವರಿಗೆ ಇನ್ನೊಂದು ಅನುಕೂಲವಿದೆ. ಲುವಾಂಟಿಯಲ್ಲಿ ಮಾಡ್‌ಗಳು ಓಡುವುದು ಆಟ ನಡೆಸುವ ಒಂದು ಯಂತ್ರದಲ್ಲಿ ಮಾತ್ರ. ಸೇರಿಕೊಳ್ಳುವವರಿಗೆ ಚಿತ್ರಗಳು, ಧ್ವನಿಗಳು ಎಲ್ಲ ಅಲ್ಲಿಂದಲೇ ಬರುತ್ತವೆ. ಇದೇ ಬಗೆಯ ಹೆಸರಾಂತ ಆಟವಾದ ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ, ಮಾಡ್ ಓಡಿಸುವ ತಂತ್ರಾಂಶಗಳಾದ ಫೋರ್ಜ್ ಅಥವಾ ಫ್ಯಾಬ್ರಿಕ್ ಮೂಲಕ ಹೊಸ ಬ್ಲಾಕ್‌ಗಳ ಮಾಡ್ ಹಾಕಿದಾಗ, ಸೇರುವ ಪ್ರತಿಯೊಬ್ಬರೂ ಅದೇ ಮಾಡ್‌ನ ಹೊಂದಿಕೆಯಾಗುವ ಆವೃತ್ತಿಯನ್ನು ಹಾಕಿಕೊಂಡಿರಬೇಕಾಗುತ್ತದೆ. ದೀಪಾವಳಿಗೆ ಮನೆಗೆ ಬಂದ ಮಕ್ಕಳು ಆಂಡ್ರಾಯ್ಡ್ ಫೋನಿನಲ್ಲಿ ಲುವಾಂಟಿಯನ್ನು ಹಾಕಿಕೊಂಡು, ಮನೆಯ ವೈಫೈ ಮೂಲಕ ನೇರವಾಗಿ ನಮ್ಮ ಲೋಕಕ್ಕೆ ಬಂದರು. ಹೊರಗಿನ ಇಂಟರ್‌ನೆಟ್ಟು ಅಂದು ಇರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.

ನಮಗೆ ಹೆಚ್ಚು ಒದಗಿದ ಮಾಡ್‌ಗಳಲ್ಲಿ ಮೊದಲನೆಯದು ಮೋರ್‌ಬ್ಲಾಕ್ಸ್. ಅದರ ಇಳಿಜಾರು ತುಂಡುಗಳಿಲ್ಲದೆ ಮಲೆನಾಡಿನ ಮನೆಯ ಚಾವಣಿಯನ್ನು ಕಟ್ಟಲಾಗುವುದಿಲ್ಲ, ಚಾವಣಿ ಮೆಟ್ಟಿಲಿನಂತೆ ಕಾಣುತ್ತದೆ. ವಿದ್ಯುತ್ ಮಂಡಲಗಳಿಗೆ ಮೆಸಿಕಾನ್ಸ್ ಇದೆ. ರೈಲಿಗೆ ಆಡ್ವ್‌ಟ್ರೇನ್ಸ್: ಡಬ್ಬಿಗಳನ್ನು ಜೋಡಿಸಬಹುದು, ಹಳಿ ಕವಲೊಡೆಯುತ್ತದೆ, ಸಿಗ್ನಲ್ಲುಗಳು ಕೆಲಸ ಮಾಡುತ್ತವೆ. ಅದರಿಂದ ನಾವು ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಬರುವ ದಾರಿಯನ್ನು, ದೂರವನ್ನು ಬಹಳ ಕಿರಿದುಗೊಳಿಸಿ, ಕಟ್ಟಿದ್ದೇವೆ. ತಾಳಗುಪ್ಪದಲ್ಲಿ ಹಳಿ ನಿಜವಾಗಿಯೂ ಮುಗಿಯುವುದರಿಂದ ಎಂಜಿನ್ನನ್ನು ಆಚೆ ತುದಿಗೆ ತಂದು ಜೋಡಿಸಲು ಪಕ್ಕದ ಹಳಿಯೊಂದು ಬೇಕಾಗುತ್ತದೆ. ಅದನ್ನು ಹುಡುಗ ತಾನಾಗಿಯೇ ಯೋಚಿಸಿ ಹಾಕಿದ.

ನಾವೇ ಬರೆದ ದೊಡ್ಡ ಮಾಡ್ ಅಡಿಕೆ ಮರದ್ದು. ಕಾಂಡವನ್ನು ಪೂರ್ತಿ ಬ್ಲಾಕಿನ ಅಗಲಕ್ಕೆ ಬಿಟ್ಟರೆ ಅಡಿಕೆ ಮರ ತೆಂಗಿನ ಮರಕ್ಕಿಂತ ದಪ್ಪವಾಗಿ ಕಾಣುತ್ತದೆ. 'ನೋಡ್‌ಬಾಕ್ಸ್' ಎಂಬ, ಬ್ಲಾಕಿಗೆ ಬೇಕಾದ ಆಕಾರ ಕೊಡುವ ವಿಧಾನದಿಂದ ಅದನ್ನು ಸಪೂರ ಮಾಡಿದೆವು. ಮರಕ್ಕೆ ಅಡಿಕೆ ಗೊನೆ ಬಂದ ಮೇಲೆ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸದೆ ಬಿಟ್ಟರೆ ಕೊಳೆ ಹತ್ತಬೇಕು ಎಂಬುದು ಹುಡುಗನ ಹಠ. ಮನೆಯಲ್ಲಿ ಪ್ರತಿ ಆಷಾಢದಲ್ಲಿ ಕೇಳುವ ಮಾತೇ ಅದಾದ್ದರಿಂದ ಅವನಿಗೆ ಕೊಳೆರೋಗವಿಲ್ಲದ ತೋಟ ಸುಳ್ಳೆನಿಸಿತು. ಇದಕ್ಕೆ 'ಎಬಿಎಂ' ಎಂಬ ಸೌಲಭ್ಯವಿದೆ: ನಿಗದಿತ ಅವಧಿಗೊಮ್ಮೆ ಸುತ್ತಲಿನ ನಿರ್ದಿಷ್ಟ ಬ್ಲಾಕ್‌ಗಳನ್ನು ಹುಡುಕಿ, ಇಂತಿಷ್ಟರಲ್ಲಿ ಒಂದಕ್ಕೆ ಎಂಬ ಲೆಕ್ಕದಲ್ಲಿ ನಾವು ಹೇಳಿದ ಬದಲಾವಣೆಯನ್ನು ಮಾಡುತ್ತದೆ. ಅವಧಿಯನ್ನು ಒಂದು ಸೆಕೆಂಡು ಎಂದು ಇಟ್ಟಾಗ ತೋಟದ ಬಳಿ ಆಟ ತಡವರಿಸತೊಡಗಿತು. ಅದನ್ನು 60 ಸೆಕೆಂಡಿಗೆ ಏರಿಸಿದ ಮೇಲೆ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ತೊಂದರೆಯಿಲ್ಲ. ಹೊರಗಿನಿಂದ ತಂದ ಮಾಡ್‌ನಿಂದ ಆಟ ನಿಧಾನವಾದರೂ ಮೊದಲು ನೋಡಬೇಕಾದದ್ದು ಈ ಅವಧಿಯನ್ನೇ.

ಸುರಕ್ಷತೆಯ ಬಗ್ಗೆ ಹೆತ್ತವರು ಕೇಳುತ್ತಾರೆ. ಮಾಡ್‌ಗಳು ತಮಗೆ ಅನುಮತಿ ಇರುವ ಫೋಲ್ಡರುಗಳನ್ನು ಬಿಟ್ಟು ಹೊರಗೆ ಕೈಹಾಕದಂತೆ ತಡೆಯುವ ವ್ಯವಸ್ಥೆ ಮೊದಲಿನಿಂದಲೇ ಚಾಲೂ ಇರುತ್ತದೆ. ಯಾವುದಾದರೂ ಮಾಡ್ ತನ್ನನ್ನು ನಂಬಿಕೆಯ ಪಟ್ಟಿಗೆ ಸೇರಿಸಿ ಎಂದು ಕೇಳಿದರೆ, ಏಕೆಂದು ಅರ್ಥವಾಗದೆ ಸೇರಿಸಬಾರದು. ನಾವು ಈವರೆಗೆ ಯಾವುದನ್ನೂ ಸೇರಿಸಿಲ್ಲ.

ನನಗೆ ನಿಜವಾಗಿ ನೋವು ಕೊಡುವ ಕೊರತೆ ಒಂದೇ. ಲುವಾಂಟಿಯ ಮೂಲದಲ್ಲಿ ಕನ್ನಡ ಅನುವಾದದ ಕಡತವಿದೆ, ಯಾರೋ ಶ್ರಮಪಟ್ಟು ಅನುವಾದಿಸಿದ್ದಾರೆ. ಆದರೆ ನಾವು ಬಳಸಿದ ಆವೃತ್ತಿಗಳಲ್ಲಿ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಾಣುವುದಿಲ್ಲ, ಏಕೆಂದರೆ ಆಟದ ಅಕ್ಷರ ಬಿಡಿಸುವ ಭಾಗಕ್ಕೆ ಗುಣಿತಾಕ್ಷರ, ಒತ್ತಕ್ಷರಗಳನ್ನು ಕೂಡಿಸಲು ಬರುವುದಿಲ್ಲ. ಹಿಂದಿ, ಅರೇಬಿಕ್ ಭಾಷೆಗಳನ್ನೂ ಹೀಗೆಯೇ ಹೊರಗಿಟ್ಟಿದ್ದಾರೆ. ಕನ್ನಡ ಫಾಂಟ್ ಒಂದನ್ನು ಸೆಟ್ಟಿಂಗಿನಲ್ಲಿ ಕೊಟ್ಟು ನಾಮಫಲಕದಲ್ಲಿ 'ತಾಳಗುಪ್ಪ' ಎಂದು ಬರೆದು ನೋಡಿದೆವು. ಒತ್ತು ಕೆಳಗಿಳಿಯದೆ ಬಿಡಿಬಿಡಿಯಾಗಿ ಪಕ್ಕಕ್ಕೆ ನಿಂತಿತು. ಎರಡು ವರ್ಷ ನಮ್ಮ ನಿಲ್ದಾಣಗಳ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿಯೇ ಇದ್ದವು.

ಕಳೆದ ಮಳೆಗಾಲದಲ್ಲಿ ಇದಕ್ಕೂ ಮಾಡ್‌ನಿಂದಲೇ ದಾರಿ ಸಿಕ್ಕಿತು. ಬ್ಲಾಕಿನ ಮುಖಕ್ಕೆ ಯಾವ ಚಿತ್ರವನ್ನಾದರೂ ಹೊದಿಸಬಹುದಾದ್ದರಿಂದ, ಅಕ್ಷರವನ್ನು ಬರಹವಾಗಿ ಅಲ್ಲದೆ ಚಿತ್ರವಾಗಿ ಕೊಟ್ಟೆವು. ಒಂದು ಅಕ್ಷರಕ್ಕೆ ಒಂದು ಬ್ಲಾಕು, 32 ಚುಕ್ಕೆ (ಪಿಕ್ಸೆಲ್) ಅಗಲ, 32 ಚುಕ್ಕೆ ಎತ್ತರ, ರೈಲ್ವೆಯ ಫಲಕದಂತೆ ಹಳದಿಯ ಮೇಲೆ ಕಪ್ಪು. ಕುಂಸಿ, ಅರಸಾಳು, ಆನಂದಪುರ, ಸಾಗರ, ತಾಳಗುಪ್ಪ ಈ ಐದು ಹೆಸರುಗಳಿಗೆ ಒಟ್ಟು ಹದಿನೈದು ಬೇರೆ ಬೇರೆ ಅಕ್ಷರಗಳು ಸಾಕಾದವು, ಏಕೆಂದರೆ 'ರ' ಮೂರು ಊರುಗಳಲ್ಲಿ ಬರುತ್ತದೆ, 'ಸಾ' ಎರಡರಲ್ಲಿ. 'ಪ್ಪ' ಅಕ್ಷರದ ಒತ್ತನ್ನು ಅಷ್ಟು ಸಣ್ಣ ಚೌಕದಲ್ಲಿ ಓದುವಂತೆ ಬರೆಯಲು ಹುಡುಗನಿಗೆ ನಾಲ್ಕು ಸಲ ತಿದ್ದಬೇಕಾಯಿತು. ಈಗ ರೈಲು ಕೊನೆಯ ತಿರುವು ದಾಟಿದೊಡನೆ ಆ ಫಲಕವನ್ನು ದೂರದಿಂದಲೇ ಓದಬಹುದು.