ಹಿತ್ತಲಿನ ಪಟ್ಟಿಂಗ್ ಗ್ರೀನ್: ಹುಲ್ಲಿಗಿಂತ ಅದರ ಕೆಳಗಿನ ಕೆಲಸವೇ ದೊಡ್ಡದು

ಮನೆಯ ಹಿತ್ತಲಿನಲ್ಲಿ ಕೃತಕ ಹುಲ್ಲಿನ ಪಟ್ಟಿಂಗ್ ಗ್ರೀನ್ (ಗಾಲ್ಫ್ ಚೆಂಡನ್ನು ಕುಳಿಗೆ ಉರುಳಿಸುವ ಅಭ್ಯಾಸಕ್ಕಾಗಿ ಮಾಡುವ ನುಣುಪಾದ ಹುಲ್ಲುಹಾಸು) ಹಾಕಿಸಲು ವಿಚಾರಿಸುವವರಿಗೆ ಮಾರಾಟಗಾರರು ಮೊದಲು ತೋರಿಸುವುದು ಹುಲ್ಲಿನ ಮಾದರಿ ತುಣುಕುಗಳನ್ನು. ಅಂಗೈಯಗಲದ ಆ ತುಣುಕನ್ನು ಸವರಿ ನೋಡಿಯೇ ತೀರ್ಮಾನಕ್ಕೆ ಬರುವವರು ಹೆಚ್ಚು. ನಮ್ಮಲ್ಲಿ ಹಾಕಿಸಿದ 15 ಅಡಿ ಅಗಲ, 30 ಅಡಿ ಉದ್ದದ, ಮೂರು ಕುಳಿಗಳ ಗ್ರೀನ್ ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಕಂಡ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ಚೆಂಡು ಉರುಳುವುದು ಹುಲ್ಲಿನ ಮೇಲಾದರೂ ಅದರ ಓಟವನ್ನು ನಿರ್ಧರಿಸುವುದು ಕೆಳಗಿರುವ ಜಲ್ಲಿಯ ಹಾಸು.

ಕೆಲಸಕ್ಕೆ ಬಂದ ತಂಡ ಈ ವಿಷಯದಲ್ಲಿ ಪೂರ್ಣ ಅಂಕಕ್ಕೆ ಅರ್ಹ. ಮೇಲ್ಮಣ್ಣನ್ನು ಹುಲ್ಲು, ಬೇರುಗಳ ಸಮೇತ ನಾಲ್ಕೈದು ಅಂಗುಲದಷ್ಟು ತೆಗೆದು, ಮಣ್ಣು ಜಲ್ಲಿಯೊಳಗೆ ಏರದಂತೆ ನೀರು ಇಳಿಯುವ ಬಟ್ಟೆಯೊಂದನ್ನು ಹಾಸಿ, ಅದರ ಮೇಲೆ ಜಲ್ಲಿಯನ್ನು ಒಂದೇ ಸಲ ಸುರಿಯದೆ ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ನೀರು ಹಾಯಿಸಿ ಯಂತ್ರದಿಂದ ದಮ್ಮಸ್ಸು ಮಾಡಿದರು. ಕೊನೆಯ ಪದರ ಸಣ್ಣ ಕಲ್ಲುಪುಡಿಯದು. ಹುಲ್ಲು ಹಾಸುವ ಮೊದಲು ಮೇಸ್ತ್ರಿ ಆ ಬರಿಯ ಕಲ್ಲುಪುಡಿಯ ಮೇಲೆಯೇ ಗಾಲ್ಫ್ ಚೆಂಡನ್ನು ಉರುಳಿಸಿ ನೋಡಿದರು. ಅದು ಕಾರಣವಿಲ್ಲದೆ ಪಕ್ಕಕ್ಕೆ ಸರಿದ ಕಡೆಯಲ್ಲೆಲ್ಲ ಕುಕ್ಕರಗಾಲಲ್ಲಿ ಕುಳಿತು ಕರಣೆಯಿಂದ ಕೆರೆದು, ಪುಡಿ ಉದುರಿಸಿ, ಮತ್ತೆ ಒತ್ತಿ, ರಸಮಟ್ಟ ಇಟ್ಟು ಪರೀಕ್ಷಿಸಿದರು. ಈ ತಾಳ್ಮೆಗೆ ಕಾರಣವಿದೆ. ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ. ಅಷ್ಟು ಹಗುರವಾದ ಚೆಂಡು ಕುಳಿಯ ಹತ್ತಿರ ಬಂದು ವೇಗ ಕಳೆದುಕೊಳ್ಳುವಾಗ, ಕಣ್ಣಿಗೆ ಬೀಳದಷ್ಟು ಸಣ್ಣ ತಗ್ಗು ಕೂಡ ಅದನ್ನು ದಾರಿ ತಪ್ಪಿಸುತ್ತದೆ. ಹಾಸಿದ ಹುಲ್ಲು ಆ ತಗ್ಗನ್ನು ನಮ್ಮ ಕಣ್ಣಿನಿಂದ ಮರೆಮಾಡಬಲ್ಲುದೇ ಹೊರತು ಚೆಂಡಿನಿಂದಲ್ಲ.

ಇಳಿಜಾರಿನ ವಿಷಯದಲ್ಲೂ ಅವರ ಸಲಹೆ ಸರಿಯಾಗಿತ್ತು. ಏರಿಳಿತ ಹೆಚ್ಚಿದ್ದಷ್ಟೂ ಅಭ್ಯಾಸ ಚೆನ್ನಾಗಿರುತ್ತದೆಂದು ಅನೇಕರು ಭಾವಿಸುತ್ತಾರೆ. ಆದರೆ ಕುಳಿಯ ಸುತ್ತ ಶೇಕಡಾ 2ರಿಂದ 3ಕ್ಕಿಂತ ಹೆಚ್ಚು ಇಳಿಜಾರಿದ್ದರೆ, ವೇಗದ ಗ್ರೀನ್ ಮೇಲೆ ಗುರಿ ತಪ್ಪಿದ ಚೆಂಡು ಹತ್ತಿರದಲ್ಲಿ ನಿಲ್ಲುವುದೇ ಇಲ್ಲ. ನೀರು ಹರಿದುಹೋಗಲು ಶೇಕಡಾ 1ರಿಂದ 2ರಷ್ಟು ಇಳಿಜಾರು ಸಾಕು.

ಹುಲ್ಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಸುಮಾರು ಅರ್ಧ ಅಂಗುಲದ, ಒತ್ತಾಗಿ ಸುರುಳಿಗೊಂಡ ನೈಲಾನ್ ಎಳೆಗಳದ್ದು ಒಂದು. ಇದಕ್ಕೆ ಮರಳು ಬೇಡ, ಆದರೆ ಅದರ ವೇಗವನ್ನು ಆಮೇಲೆ ಬದಲಿಸುವ ಅವಕಾಶ ಕಡಿಮೆ. ಇನ್ನೊಂದು, ಉದ್ದನೆಯ ಪಾಲಿಪ್ರೊಪಿಲೀನ್ ಎಳೆಗಳ ನಡುವೆ ಸಣ್ಣ ಸಿಲಿಕಾ ಮರಳನ್ನು ತುಂಬಿ, ಬ್ರಶ್ ಹೊಡೆದು, ರೋಲರ್ ಎಳೆದು ಸಿದ್ಧಪಡಿಸುವಂಥದ್ದು. ದೂರದಿಂದ ಎತ್ತಿ ಹೊಡೆದ ಚೆಂಡು ಬಿದ್ದಾಗ ಪುಟಿದೋಡದೆ ಸಹಜ ಗ್ರೀನ್‌ನಲ್ಲಿ ನಿಲ್ಲುವಂತೆ ನಿಲ್ಲಬೇಕಾದರೆ ಈ ಎರಡನೆಯದೇ ಮೇಲು. ನಾವು ಅದನ್ನೇ ಆರಿಸಿಕೊಂಡೆವು.

ನನ್ನ ದೂರು ಇರುವುದು ಇಲ್ಲಿಯೇ. ಗ್ರೀನ್‌ನ ವೇಗ 10 ಇರುತ್ತದೆಂದು ಸಂಸ್ಥೆ ಮಾತು ಕೊಟ್ಟಿತ್ತು. ಈ ಅಂಕೆ ಸ್ಟಿಂಪ್‌ಮೀಟರ್ ಎಂಬ ಸರಳ ಸಾಧನದ್ದು. 1935ರಲ್ಲಿ ಅಮೆರಿಕದ ಗಾಲ್ಫ್ ಪಂದ್ಯಾವಳಿಯಾದ ಯು.ಎಸ್. ಓಪನ್ ನಡೆದ ಓಕ್‌ಮಾಂಟ್ ಮೈದಾನದ ಗ್ರೀನ್‌ಗಳ ಅತಿವೇಗವನ್ನು ಕಂಡ ಗಾಲ್ಫ್ ಆಟಗಾರ ಎಡ್ವರ್ಡ್ ಸ್ಟಿಂಪ್ಸನ್ ಇದನ್ನು ರೂಪಿಸಿದರು. ತೋಡು ಇರುವ 36 ಅಂಗುಲದ ಪಟ್ಟಿಯ ಒಂದು ತುದಿಯನ್ನು ನಿಧಾನವಾಗಿ ಎತ್ತಿದರೆ, ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನಾಗಿ ಜಾರಿ ಉರುಳುತ್ತದೆ. ನೆಲದ ಮೇಲೆ ಅದು ಎಷ್ಟು ಅಡಿ ಹೋಗುತ್ತದೋ ಅದೇ ವೇಗದ ಅಂಕೆ. ಸಮತಟ್ಟಾದ ಜಾಗದಲ್ಲಿ ಎರಡೂ ದಿಕ್ಕಿಗೆ ಉರುಳಿಸಿ ಸರಾಸರಿ ತೆಗೆಯಬೇಕು. ಹೀಗೆ ಅಳೆದಾಗ ನಮ್ಮ ಗ್ರೀನ್ 8ನ್ನು ದಾಟಲಿಲ್ಲ. ಎಳೆಗಳ ಬುಡದವರೆಗೆ ಮರಳು ಇಳಿದಿರಲಿಲ್ಲವಾದ್ದರಿಂದ ಎಳೆಯ ತುದಿಗಳು ಚೆಂಡನ್ನು ಹಿಡಿಯುತ್ತಿದ್ದವು. ಪದೇ ಪದೇ ಕೇಳಿದ ಮೇಲೆ ಬಂದು, ಒಣಗಿದ ಮರಳನ್ನು ತೆಳುವಾಗಿ ಹಲವು ಬಾರಿ ಹಾಯಿಸಿ, ಪ್ರತಿಸಲವೂ ಬ್ರಶ್ ಹೊಡೆದು, ರೋಲರ್ ಎಳೆದುಕೊಟ್ಟರು. ಈಗ ಅದು 10ರ ಆಸುಪಾಸಿನಲ್ಲಿದೆ, ಓಟ ನಿಜಕ್ಕೂ ಸೊಗಸಾಗಿದೆ. ಆದರೂ ಹಣ ಪಡೆಯುವ ಮುನ್ನವೇ ಗ್ರಾಹಕರ ಎದುರಿಗೆ ಅಳೆದು ತೋರಿಸುವುದು ಅವರ ಕರ್ತವ್ಯವಾಗಿತ್ತು.

ಕುಳಿಗಳು ನಿಯಮಬದ್ಧ ಅಳತೆಯವೇ, ಅಂದರೆ 108 ಮಿಲಿಮೀಟರ್ ವ್ಯಾಸದವು. ಅಂಚು ಹುಲ್ಲಿನ ಮಟ್ಟಕ್ಕಿಂತ ಕೊಂಚ ಕೆಳಗಿರುವುದರಿಂದ ಚೆಂಡು ಅಂಚಿಗೆ ತಾಗಿ ಹೊರಳುವುದಿಲ್ಲ. ಒಂದು ಕುಳಿಯ ಕೆಳಗೆ ಮಾತ್ರ ಜಲ್ಲಿ ತುಂಬಿರದೆ ಮಳೆಯ ನೀರು ನಿಲ್ಲುತ್ತಿತ್ತು, ಅದನ್ನು ಸರಿಪಡಿಸಿದ್ದಾರೆ. ಗ್ರೀನ್‌ನ ಅಗಲವನ್ನು ಹುಲ್ಲಿನ ಸುರುಳಿಯ ಅಗಲಕ್ಕೇ ಹೊಂದಿಸಿದ್ದರಿಂದ ಆಡುವ ಜಾಗದಲ್ಲಿ ಒಂದೂ ಜೋಡಣೆಯಿಲ್ಲ. ಅಂಚಿನ ಎತ್ತರದ ಹುಲ್ಲು ಸೇರುವೆಡೆ ಮಾತ್ರ ಅಂಟುಪಟ್ಟಿಯ ಜೋಡಣೆಯಿದ್ದು, ಹುಡುಕಿದರೂ ಸುಲಭಕ್ಕೆ ಕಾಣದು.

ಬಿಸಿಲನ್ನು ಯಾವ ಮಾರಾಟಗಾರರೂ ತಾವಾಗಿ ಪ್ರಸ್ತಾಪಿಸುವುದಿಲ್ಲ. ಕೃತಕ ಹುಲ್ಲು ಸಹಜ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ. ನಡುಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲಾಗದು, ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಶಾಖ ತಡೆಯುವ ಲೇಪನವಿರುವ ಕಿಟಕಿಯ ಗಾಜಿನಿಂದ ಪ್ರತಿಫಲಿಸಿ ಒಂದೆಡೆ ಬೀಳುವ ಬಿಸಿಲಿಗೆ ಎಳೆಗಳು ಕರಗುವುದೂ ಉಂಟು. ಆದ್ದರಿಂದ ಜಾಗ ಗೊತ್ತುಮಾಡುವ ಮೊದಲು ಹಗಲಿನ ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ಬೆಳಕು ಹೇಗೆ ಬೀಳುತ್ತದೆಂದು ನೋಡಬೇಕು. ನಿರ್ವಹಣೆ ಹಗುರ: ಬಿದ್ದ ಎಲೆಗಳನ್ನು ತೆಗೆಯುವುದು, ಆಗಾಗ ಬ್ರಶ್ ಹೊಡೆಯುವುದು, ಮರಳು ಕಡಿಮೆಯಾದಲ್ಲಿ ತುಂಬಿ ರೋಲರ್ ಎಳೆಯುವುದು.

ನಮಗೆ ಕೊಟ್ಟ ವಾರಂಟಿ ಪತ್ರದಲ್ಲಿ ಎಳೆಗಳ ಬಣ್ಣ ಮತ್ತು ಬಾಳಿಕೆಯ ಮಾತಷ್ಟೇ ಇತ್ತು. ಜಲ್ಲಿಯ ಹಾಸು ಕುಸಿದರೆ ಯಾರು ಹೊಣೆ ಎಂಬುದನ್ನು ನಾವು ಕೇಳಿ, ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕಾಯಿತು; ಹಾಕಿಸುವವರು ಮುಂಗಡ ಕೊಡುವ ಮೊದಲೇ ಆ ಸಾಲನ್ನೂ ವೇಗದ ಅಂಕೆಯನ್ನೂ ಒಪ್ಪಂದದಲ್ಲಿ ಸೇರಿಸಿಕೊಳ್ಳಲಿ.