ಟೆಲಿಸ್ಕೋಪ್ ಕನ್ನಡಿಯನ್ನು ದಯವಿಟ್ಟು ಬಟ್ಟೆಯಿಂದ ಒರೆಸಬೇಡಿ

ಕೈಯಾರೆ ಟೆಲಿಸ್ಕೋಪ್ ಮಾಡಿಕೊಂಡವರು, ಈಗ ಮಾಡುತ್ತಿರುವವರು ಇದನ್ನೊಮ್ಮೆ ಓದಿ. ತಿಂಗಳುಗಟ್ಟಲೆ ಕೂತು ಉಜ್ಜಿ ತಯಾರಿಸಿದ 8 ಇಂಚಿನ ಕನ್ನಡಿಯನ್ನು ನಾನು ಎರಡೇ ನಿಮಿಷದಲ್ಲಿ ಹಾಳು ಮಾಡಿದೆ. ಬೀಳಿಸಲಿಲ್ಲ, ಒಡೆಯಲಿಲ್ಲ. ಒರೆಸಿದೆ, ಅಷ್ಟೇ.

ಒಂದು ರಾತ್ರಿ ಎಲ್ಲ ಎತ್ತಿಡುವಾಗ ಟ್ಯೂಬಿನ ಬಾಯಿಂದ ಒಳಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಕನ್ನಡಿ ತುಂಬ ಧೂಳು! ಎದೆ ಧಸಕ್ಕೆಂದಿತು. ಟಾರ್ಚ್ ಬೆಳಕು ಓರೆಯಾಗಿ ಬಿದ್ದರೆ ಎಂಥ ಒಳ್ಳೆಯ ಕನ್ನಡಿಯೂ ಗಲೀಜಾಗಿಯೇ ಕಾಣುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಅರ್ಧ ಗಂಟೆ ಮುಂಚೆ ಅದೇ ಕನ್ನಡಿಯಲ್ಲಿ ಶನಿಯ ಉಂಗುರದ ನಡುವಿನ ಕ್ಯಾಸಿನಿ ಸೀಳು ಕಪ್ಪು ಗೆರೆಯಾಗಿ ಚೆನ್ನಾಗಿ ಕಂಡಿತ್ತು. ಅದು ನೆನಪಿಗೇ ಬರಲಿಲ್ಲ.

ಬೆಳಿಗ್ಗೆ ಕನ್ನಡಿ ಬಿಚ್ಚಿದೆ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ತಗೊಂಡು, ಬಾಯಿಂದ ಆವಿ ಬಿಟ್ಟು, ಸುತ್ತ ಸುತ್ತ ಒರೆಸುತ್ತಾ ಹೋದೆ. ಕಿರ್ ಅಂತ ಒಂದು ಸಣ್ಣ ಸದ್ದು ಬಂತು. ಅಲ್ಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಮುಗಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿದ್ದು ನೂರಾರು ಗೀರು, ಜೇಡನ ಎಳೆಯಷ್ಟು ಸಣ್ಣವು, ನನ್ನ ಕೈ ತಿರುಗಿದ ದಿಕ್ಕಿನಲ್ಲೇ ಬಾಗಿದ್ದವು.

ಮನೆಯ ಕನ್ನಡಿಯಲ್ಲಿ ಲೇಪನ ಗಾಜಿನ ಹಿಂದಿರುತ್ತದೆ, ಎಷ್ಟು ಒರೆಸಿದರೂ ಏನಾಗಲ್ಲ. ಟೆಲಿಸ್ಕೋಪಿನ ಕನ್ನಡಿಯಲ್ಲಿ ಲೇಪನ ಗಾಜಿನ ಮುಂದೆಯೇ ಇರುತ್ತದೆ. ಆ ಅಲ್ಯೂಮಿನಿಯಂ ಪದರದ ದಪ್ಪ ಸುಮಾರು 0.0001 ಮಿಲಿಮೀಟರ್. ಮೇಲೆ ಕೂತ ಧೂಳಿನಲ್ಲಿ ಮರಳಿನ ಕಣ ಇದ್ದೇ ಇರುತ್ತದೆ, ಅದು ಗಾಜಿಗಿಂತ ಗಟ್ಟಿ. ಬಟ್ಟೆ ಮೆತ್ತಗಿದ್ದು ಏನು ಬಂತು? ಅದು ಮರಳನ್ನು ಹಿಡಿದುಕೊಂಡು ಉಜ್ಜುತ್ತದೆ. ಲೇಪನ ಮಾತ್ರ ಹೋಗಿದ್ದರೆ ಹೊಸದು ಹಾಕಿಸಬಹುದಿತ್ತು. ಹಾಕಿಸಿದೆ ಕೂಡ. ಆದರೆ ಕೆಲವು ಗೀರು ಗಾಜಿಗೇ ಇಳಿದಿದ್ದವು, ಹೊಸ ಲೇಪನದ ಕೆಳಗಿಂದ ಈಗಲೂ ಕಾಣುತ್ತವೆ.

ನನಗೆ ಜಾಸ್ತಿ ಬೇಜಾರಾಗಿದ್ದು ಇನ್ನೊಂದು ಲೆಕ್ಕ ನೋಡಿದಾಗ. ಬೆಳಕನ್ನು ಕಣ್ಣಿನ ಕಡೆ ತಿರುಗಿಸಲು ಟ್ಯೂಬಿನೊಳಗೆ ದೊಡ್ಡ ಕನ್ನಡಿಯ ಎದುರಿಗೇ ಇರುವ ಚಿಕ್ಕ ಕನ್ನಡಿ ದೊಡ್ಡದರ ಐದನೇ ಒಂದರಷ್ಟು ಅಗಲ ಇದ್ದರೂ ತಡೆಯುವ ಬೆಳಕು 4% ಮಾತ್ರ. ತೆಳ್ಳಗೆ ಕೂತ ಧೂಳು ತಡೆಯುವುದು ಅದಕ್ಕಿಂತಲೂ ಕಡಿಮೆ. ಅಂದರೆ ಆ ಧೂಳು ನನಗೆ ಏನೂ ತೊಂದರೆ ಕೊಟ್ಟಿರಲಿಲ್ಲ! ಗೀರುಗಳು ಕೊಟ್ಟವು. ಗುರುಗ್ರಹದ ಸುತ್ತ ಮಂಜು ಕವಿದ ಹಾಗೆ ಬೆಳಕು ಚೆದುರಿತು, ಪಟ್ಟೆಗಳು ಮಸುಕಾದವು.

ಗಾಬರಿಯಲ್ಲಿ ವಾಪಸ್ ಕೂರಿಸುವಾಗ ಕನ್ನಡಿಯನ್ನು ಹಿಡಿದಿಡುವ ಮೂರೂ ಕ್ಲಿಪ್‌ಗಳನ್ನು ಬಿಗಿಯಾಗಿ ತಿರುಗಿಸಿಬಿಟ್ಟಿದ್ದೆ. ಆ ರಾತ್ರಿ ನಕ್ಷತ್ರಗಳೆಲ್ಲ ಮೂರು ಮೂಲೆಯಾಗಿ ಕಂಡವು. ಗಾಜು ಅಷ್ಟು ದಪ್ಪ ಇದ್ದರೂ ಕ್ಲಿಪ್ ಒತ್ತಿದರೆ ಬಾಗುತ್ತದೆ. ಕ್ಲಿಪ್‌ಗೂ ಕನ್ನಡಿಗೂ ನಡುವೆ ಒಂದು ಕಾಗದ ಸಲೀಸಾಗಿ ಹೋಗಿ ಬರಬೇಕು.

ದೊಡ್ಡ ಬೈನಾಕ್ಯುಲರ್ ಇರುವವರಿಗೂ ಒಂದು ಮಾತು. ಒಳಗೆ ಬೂಷ್ಟು ಕಂಡಿತು ಅಂತ ಸುಮ್ನೆ ಬಿಚ್ಚಬೇಡಿ. ಒಳಗೆ ಬೆಳಕು ತಿರುಗಿಸುವ ಗಾಜಿನ ತುಂಡು, ಅಂದರೆ ಪ್ರಿಸಂ, ಒಂದು ಚೂರು ಸರಿದರೂ ಎರಡು ಕಣ್ಣಿಗೆ ಎರಡು ಚಂದ್ರ ಕಾಣುತ್ತವೆ, ತಲೆನೋವು ಗ್ಯಾರಂಟಿ. ಅದನ್ನು ತಿಳಿದವರ ಕೈಗೇ ಕೊಡಿ.

ಕನ್ನಡಿ ನಿಜವಾಗಿಯೂ ತೊಳೆಯಲೇಬೇಕು ಅಂತಾದರೆ (ಸಾಮಾನ್ಯವಾಗಿ ವರ್ಷಗಳವರೆಗೆ ಬೇಕಾಗಲ್ಲ) ಬಿಚ್ಚುವ ಮುಂಚೆ ಅಂಚಿನಲ್ಲಿ ಗುರುತು ಹಾಕಿ, ಅದೇ ದಿಕ್ಕಿನಲ್ಲಿ ವಾಪಸ್ ಕೂರಿಸಲು. ಕೈಯಲ್ಲಿ ಉಂಗುರ, ವಾಚು ಇದ್ದರೆ ತೆಗೆದಿಡಿ. ಮೊದಲು ನೀರು ಹರಿಸಿ, ಸಡಿಲ ಇರುವ ಮರಳೆಲ್ಲ ಕೊಚ್ಚಿಹೋಗಲಿ. ಇದೇ ಮುಖ್ಯ ಕೆಲಸ, ಅವಸರ ಬೇಡ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕನ್ನಡಿಯನ್ನು ಸ್ವಲ್ಪ ಹೊತ್ತು ನೆನೆಸಿಡಿ. ಸ್ವಚ್ಛ ಹತ್ತಿಯ ಉಂಡೆಯನ್ನು ನೀರಲ್ಲಿ ಅದ್ದಿ, ಒತ್ತದೆ, ಹತ್ತಿಯ ಭಾರದಲ್ಲೇ ಒಂದೇ ದಿಕ್ಕಿಗೆ ಎಳೆಯಿರಿ. ಒಂದು ಸಲ ಎಳೆದ ಉಂಡೆಯನ್ನು ಎಸೆದು ಹೊಸದು ತಗೊಳ್ಳಿ. ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು, ಕನ್ನಡಿಯನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ತಾನಾಗೇ ಒಣಗಲು ಬಿಡಿ. ಕೂರಿಸಿದ ಮೇಲೆ ಕಾಲಿಮೇಷನ್, ಅಂದರೆ ಕನ್ನಡಿಗಳು ಒಂದಕ್ಕೊಂದು ನೇರವಾಗಿ ಹೊಂದಿರುವುದನ್ನು, ಮತ್ತೆ ಸರಿಮಾಡಿಕೊಳ್ಳಬೇಕು.

ನಾನೀಗ ಟ್ಯೂಬನ್ನು ಅಡ್ಡ ಮಲಗಿಸಿ ಇಡುತ್ತೇನೆ, ಧೂಳು ನೇರ ಕನ್ನಡಿಯ ಮೇಲೆ ಕೂರಲ್ಲ. ಇಬ್ಬನಿ ಬಿದ್ದ ರಾತ್ರಿಯಾದರೆ ಪೂರ್ತಿ ಒಣಗಿದ ಮೇಲೆಯೇ ಮುಚ್ಚಳ ಹಾಕುತ್ತೇನೆ. ಒಳಗೆ ಟಾರ್ಚ್ ಬಿಟ್ಟು ನೋಡುವುದನ್ನಂತೂ ನಿಲ್ಲಿಸಿದ್ದೇನೆ.