ಮೆಸಲಮೈನ್ ಮಾತ್ರೆ ಮತ್ತು ಎನಿಮಾ: ಹಲವು ಮಳೆಗಾಲ ಬಳಸಿದ ಮೇಲೆ

ದೊಡ್ಡ ಕರುಳಿನ ಹುಣ್ಣಿಗೆ, ಅಂದರೆ ಅಲ್ಸರೇಟಿವ್ ಕೊಲೈಟಿಸ್‌ಗೆ, ನಾನು ಮೆಸಲಮೈನ್ ತೆಗೆದುಕೊಳ್ಳಲು ಶುರು ಮಾಡಿ ಹತ್ತು ವರ್ಷ ದಾಟಿದೆ. ಮಾತ್ರೆಗೆ 5ಕ್ಕೆ 4 ಕೊಡುತ್ತೇನೆ. ಎನಿಮಾಗೆ, ಅಂದರೆ ಗುದದ ಮೂಲಕ ಒಳಗೆ ಬಿಡುವ ದ್ರವ ಮದ್ದಿಗೆ, ಪೂರ್ತಿ 5. ಎನಿಮಾ ಅಂದಕೂಡಲೇ ಮುಖ ಕಿವುಚುವವರೇ ಜಾಸ್ತಿ. ಚೀಟಿಯಲ್ಲಿ ಎರಡೂ ಬರೆದಿದ್ದರೂ ಬರೀ ಮಾತ್ರೆ ಕೊಂಡು ಮನೆಗೆ ಹೋಗುವವರನ್ನು ತುಂಬಾ ನೋಡಿದ್ದೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಮಲದಲ್ಲಿ ರಕ್ತ ಬೀಳಲು ಶುರುವಾದಾಗ ಎಲ್ಲರೂ ಮೂಲವ್ಯಾಧಿ ಎಂದರು. ಆಮೇಲೆ ಆಮಶಂಕೆ ಎಂದರು. ಮೈಸೂರಿನಲ್ಲಿ ಕೊಲೊನೋಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಹಾಕಿ ಕರುಳು ನೋಡುವುದು) ಮಾಡಿ, ಒಳಗಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ ಮೇಲೆಯೇ ಕಾಯಿಲೆಯ ಹೆಸರು ಗೊತ್ತಾಗಿದ್ದು. ನನ್ನದು ಎಡಭಾಗದ ಕೊಲೈಟಿಸ್. ಗುದದಿಂದ ಎಡ ಪಕ್ಕೆಯ ಮೇಲೆ ಕರುಳು ತಿರುಗುವ ಜಾಗದ ತನಕ ಉರಿಯೂತ.

ಮೊದಲು ಕೊಟ್ಟದ್ದು ಸಲ್ಫಾಸಲಜಿನ್. ಹಳೆಯ ಮದ್ದು, ಬೆಲೆ ಕಡಿಮೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಎರಡು ಭಾಗ ಮಾಡುತ್ತವೆ. ಒಂದು ಮೆಸಲಮೈನ್, ಇನ್ನೊಂದು ಸಲ್ಫಾ. ಉರಿಯೂತ ಇಳಿಸುವುದು ಮೊದಲನೆಯದು. ತಲೆನೋವು, ವಾಕರಿಕೆ ಬರುವುದು ಹೆಚ್ಚಾಗಿ ಎರಡನೆಯದರಿಂದ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನಾನು ಗಾಬರಿಯಾದರೆ ಅತ್ತೆಗೆ ಏನೂ ಅನ್ನಿಸಲಿಲ್ಲ. "ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದರೂ ಹಾಗೇ ಕೆಂಪಗೆ ಹೋಗುತ್ತದಲ್ವಾ ಮಗಳೇ" ಎಂದರು (ಕಕ್ಕಡ ಅಂದರೆ ನಮ್ಮ ಕೊಡಗಿನ ಮಳೆ ತಿಂಗಳು). ಸರಿ, ಬಣ್ಣವನ್ನು ಸಹಿಸಿಕೊಂಡೆ. ತಲೆನೋವು ಮಾತ್ರ ಬಿಡಲಿಲ್ಲ. ಹಾಗಾಗಿ ಡಾಕ್ಟರು ನೇರವಾಗಿ ಮೆಸಲಮೈನ್‌ಗೇ ಬದಲಾಯಿಸಿದರು. ಸಲ್ಫಾಸಲಜಿನ್ ಒಗ್ಗುವವರಿಗೆ ಅದು ಒಳ್ಳೆಯ ಮದ್ದೇ. ಫೋಲಿಕ್ ಆಸಿಡ್ ಜೊತೆಗೆ ಬೇಕು. ಮಕ್ಕಳಿಗಾಗಿ ಪ್ರಯತ್ನಿಸುತ್ತಿರುವ ಗಂಡಸರು ಡಾಕ್ಟರಿಗೆ ಮೊದಲೇ ಹೇಳಬೇಕು. ವೀರ್ಯಾಣು ಕಡಿಮೆಯಾಗಬಹುದು, ಮದ್ದು ನಿಲ್ಲಿಸಿದ ಮೇಲೆ ಸರಿಹೋಗುತ್ತದೆ.

ಈಗ ಮಾತ್ರೆಯ ವಿಷಯ. ಮೆಸಲಮೈನ್ ಕೆಲಸ ಮಾಡುವುದು ಕರುಳಿನ ಒಳಗೋಡೆಗೆ ತಾಗಿ. ಅದಕ್ಕೇ ಮಾತ್ರೆಯ ಮೇಲೆ ಒಂದು ಪದರ ಇರುತ್ತದೆ, ಹೊಟ್ಟೆಯಲ್ಲಿ ಕರಗದೆ ಕೆಳಗಿಳಿಯಲಿ ಎಂದು. ಅಗಿಯಬಾರದು, ಪುಡಿ ಮಾಡಬಾರದು. ಒಮ್ಮೊಮ್ಮೆ ಖಾಲಿ ಸಿಪ್ಪೆ ಮಲದಲ್ಲಿ ಕಾಣುತ್ತದೆ, ಭಯ ಬೇಡ. ಇಡೀ ಮಾತ್ರೆಯೇ ಪದೇಪದೇ ಹೊರಬರುತ್ತಿದ್ದರೆ ಡಾಕ್ಟರಿಗೆ ಹೇಳಿ. ಕಾಯಿಲೆ ಕೆರಳಿದಾಗ ನನಗೆ ದಿನಕ್ಕೆ 4.8 ಗ್ರಾಂ, ಶಾಂತವಾದ ಮೇಲೆ 2.4 ಗ್ರಾಂ. ಹಿಂದೆ ಮೂರು ಹೊತ್ತು ಹಂಚಿ ನುಂಗುತ್ತಿದ್ದೆ. ಈಗ ಡಾಕ್ಟರು ಹೇಳಿದಂತೆ ಒಂದೇ ಹೊತ್ತಿಗೆ. ಗುಣದಲ್ಲಿ ವ್ಯತ್ಯಾಸವಿಲ್ಲ, ಮರೆಯುವುದು ಕಡಿಮೆಯಾಗಿದೆ. ಎರಡು ವಾರದ ಒಳಗೆ ಫಲ ಕಾಣದಿದ್ದರೆ ಮದ್ದು ಸರಿಯಿಲ್ಲ ಎಂದು ಬಿಟ್ಟುಬಿಡಬೇಡಿ. ಪೂರ್ತಿ ಹಿಡಿತಕ್ಕೆ ಬರಲು ಎಂಟು ವಾರವೂ ಬೇಕಾಗಬಹುದು.

ಆದರೆ ಮಾತ್ರೆಯ ಮದ್ದು ಮೇಲಿನಿಂದ ಇಳಿದು ಗುದದ ಹತ್ತಿರ ಬರುವಷ್ಟರಲ್ಲಿ ಉಳಿಯುವುದು ಸ್ವಲ್ಪವೇ. ನನ್ನಂಥವರಿಗೆ ಜಾಸ್ತಿ ಉರಿ ಇರುವುದೇ ಅಲ್ಲಿ. ಎನಿಮಾ ನೇರ ಅಲ್ಲಿಗೇ ತಲುಪುತ್ತದೆ. ನಾನು ಬಳಸುವ ಬಾಟಲಿ 60 ಎಂಎಲ್, ಅದರಲ್ಲಿ 4 ಗ್ರಾಂ ಮದ್ದು. ಸಪೊಸಿಟರಿ, ಅಂದರೆ ಗುದದೊಳಗೆ ಇಡುವ ಗುಳಿಗೆ, ಗುದದಷ್ಟಕ್ಕೆ ಮಾತ್ರ. ಎನಿಮಾ ಎಡಭಾಗದ ಕರುಳಿನ ಉದ್ದಕ್ಕೂ ಹೋಗುತ್ತದೆ. ಎಡಭಾಗದ ಕೊಲೈಟಿಸ್‌ಗೆ ಬರೀ ಮಾತ್ರೆಗಿಂತ ಮಾತ್ರೆ, ಎನಿಮಾ ಎರಡೂ ಸೇರಿದರೆ ಗುಣ ಹೆಚ್ಚು. ನನ್ನ ರಕ್ತ ನಿಂತದ್ದು ಎರಡೂ ಸೇರಿದ ಮೇಲೆಯೇ.

ಹೇಗೆ ತೆಗೆದುಕೊಳ್ಳುವುದು ಎಂದು ನನಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಮಲಗುವ ಮುಂಚೆ ಒಮ್ಮೆ ಶೌಚಕ್ಕೆ ಹೋಗಿ ಬನ್ನಿ. ಜುಲೈ ತಿಂಗಳಲ್ಲಿ ನಮ್ಮ ಮನೆಯೊಳಗೆ ಬಾಟಲಿ ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ. ಹಾಗೇ ಹಾಕಿದರೆ ಕರುಳು ಹಿಂಡಿ ಹೊರಗೆ ತಳ್ಳುತ್ತದೆ. ಉಗುರು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಡಿ, ಚೆನ್ನಾಗಿ ಕುಲುಕಿ. ಎಡ ಮಗ್ಗುಲಿಗೆ ಮಲಗಿ, ಬಲಗಾಲು ಮಡಚಿ, ನಿಧಾನಕ್ಕೆ ಒತ್ತಿ. ಆಮೇಲೆ ಅದೇ ಮಗ್ಗುಲಲ್ಲಿ ಅರ್ಧ ಗಂಟೆ ಇರಿ. ಮೊದಮೊದಲು ನಿಲ್ಲುವುದಿಲ್ಲ. ಉರಿಯೂತ ಇರುವ ಕರುಳು ಏನನ್ನೂ ಹಿಡಿದಿಟ್ಟುಕೊಳ್ಳಲ್ಲ. ಬಿಡದೆ ಮುಂದುವರಿಸಿದರೆ ಹಿಡಿದಿಟ್ಟುಕೊಳ್ಳುವ ಹೊತ್ತು ತಾನಾಗಿಯೇ ಹೆಚ್ಚುತ್ತದೆ.

ಒಂದು ತೊಂದರೆ ನಿಜವಾಗಿಯೂ ಇದೆ. ಈ ಮದ್ದು ಬಟ್ಟೆಗೆ ತಾಗಿದರೆ ಕಂದು ಕಲೆ, ಹೋಗುವುದೇ ಇಲ್ಲ. ಮಳೆಗಾಲದಲ್ಲಿ ಬೆಡ್‌ಶೀಟ್ ಒಗೆದರೆ ವಾರಗಟ್ಟಲೆ ಒಣಗಲ್ಲ, ಒಲೆಯ ಮೇಲೆ ಕಟ್ಟಿ ಒಣಗಿಸಬೇಕು. ಕಪ್ಪು ಬಣ್ಣದ ಹಳೆಯ ಟವೆಲ್‌ಗಳನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಬಾಟಲಿಯೊಳಗಿನ ಮದ್ದೇ ಗಾಢ ಕಂದು ಆಗಿದ್ದರೆ ಅದನ್ನು ಬಳಸಬೇಡಿ.

ಸ್ಟೀರಾಯ್ಡ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪ್ರೆಡ್ನಿಸೊಲೋನ್ ಬೇಗ ಕೆಲಸ ಮಾಡುತ್ತದೆ. ನಿದ್ದೆ ಹೋಗುತ್ತದೆ, ಮುಖ ಊದುತ್ತದೆ, ಸಕ್ಕರೆ ಏರಬಹುದು, ಮೂಳೆ ಸವೆಯುತ್ತದೆ. ಕೆರಳಿದ್ದನ್ನು ಇಳಿಸಲು ಅಷ್ಟೇ ಅದು, ವರ್ಷಗಟ್ಟಲೆ ನುಂಗಲು ಅಲ್ಲ. ಥಟ್ಟನೆ ನಿಲ್ಲಿಸುವುದೂ ಅಪಾಯ. ಡಾಕ್ಟರು ಹೇಳಿದ ಲೆಕ್ಕದಲ್ಲಿ ಮೆಲ್ಲಗೆ ಇಳಿಸಬೇಕು.

ಎಲ್ಲರಿಗೂ ಮೆಸಲಮೈನ್ ಸಾಕಾಗುವುದಿಲ್ಲ. ಪಕ್ಕದ ತೋಟದ ರೈಟರ್ (ಲೆಕ್ಕ ಬರೆಯುವವರು) ಒಬ್ಬರಿಗೆ ಕ್ರೋನ್ಸ್, ಅದೂ ಕರುಳಿನ ಉರಿಯೂತದ ಕಾಯಿಲೆಯೇ. ಆ ಕಾಯಿಲೆಗೆ ಮೆಸಲಮೈನ್‌ನಿಂದ ಹೇಳುವಂಥ ಉಪಯೋಗವಿಲ್ಲ. ಅವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಿಯೋಪ್ರಿನ್ ಕೊಟ್ಟರು. ಅದು ಹಿಡಿಯಲು ಮೂರು ತಿಂಗಳಾದರೂ ಬೇಕು. ಬಿಳಿ ರಕ್ತಕಣ ಕುಸಿಯಬಹುದು, ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಅದೂ ಸಾಲದೆ ಈಗ ಅದೇ ಶಕ್ತಿಯನ್ನು ತಗ್ಗಿಸುವ ಅಡಾಲಿಮುಮಾಬ್ ಇಂಜೆಕ್ಷನ್, ಎರಡು ವಾರಕ್ಕೊಮ್ಮೆ. ಶುರು ಮಾಡುವ ಮುಂಚೆ ಕ್ಷಯ ಇದೆಯೇ ಎಂದು ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿದರು. ಅಡಗಿ ಕುಳಿತ ಕ್ಷಯವನ್ನು ಈ ಇಂಜೆಕ್ಷನ್ ಎಬ್ಬಿಸಬಹುದು, ಹಾಗಾಗಿ ಆ ಪರೀಕ್ಷೆ ತಪ್ಪಿಸಲೇಬಾರದು. ಇಂಜೆಕ್ಷನ್ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರ್‌ಗೆ ಹಾಕಬಾರದು. ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಇದೇ ದೊಡ್ಡ ಕಷ್ಟ. ಜನರೇಟರ್ ಇರುವ ಪೇಟೆಯ ಮೆಡಿಕಲ್‌ನವರ ಫ್ರಿಜ್‌ನಲ್ಲಿ ಇಟ್ಟು, ಆ ದಿನಕ್ಕೆ ಹೋಗಿ ತರುತ್ತಾರೆ. ಅವರ ಕಷ್ಟ ನೋಡಿದ ಮೇಲೆ ನನ್ನ ಮಾತ್ರೆ ಡಬ್ಬಿ ಬಗ್ಗೆ ಗೌರವ ಹೆಚ್ಚಾಗಿದೆ.

ನಮ್ಮ ನೆಂಟರ ಹುಡುಗಿಯೊಬ್ಬಳು ರಕ್ತ ನಿಂತಿತು, ಇನ್ನು ಮದ್ದು ಯಾಕೆ ಎಂದು ನಿಲ್ಲಿಸಿದಳು. ಹುತ್ತರಿ ಹಬ್ಬದ ಹೊತ್ತಿಗೆ ಆಸ್ಪತ್ರೆ ಸೇರಿದ್ದಳು. ಅವಳನ್ನು ಬೈಯುವ ಮನಸ್ಸಿಲ್ಲ. ಆರಾಮಾಗಿರುವಾಗಲೂ ದಿನಾ ನುಂಗಬೇಕು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮದುವೆ, ಬಸುರಿನ ಚಿಂತೆಯೂ ಇತ್ತು. ಮೆಸಲಮೈನ್ ಅನ್ನು ಬಸುರಿನಲ್ಲೂ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಆಗ ಕಾಯಿಲೆ ಕೆರಳುವುದೇ ತಾಯಿಗೂ ಮಗುವಿಗೂ ಹೆಚ್ಚು ಅಪಾಯ.

ಮಾತ್ರೆಗೆ ಒಂದು ಅಂಕ ಕಡಿಮೆ ಕೊಟ್ಟದ್ದು ಬೆಲೆಗೆ. ತಿಂಗಳಿಗೆ ಸಾವಿರದ ಲೆಕ್ಕದಲ್ಲಿ ಹೋಗುತ್ತದೆ. ಆಸ್ಪತ್ರೆಗೆ ಸೇರದೆ ಕೊಳ್ಳುವ ಮದ್ದಿಗೆ ನನ್ನ ವಿಮೆ ಏನೂ ಕೊಡುವುದಿಲ್ಲ. ಹಳ್ಳಿ ಕಡೆಯ ಮೆಡಿಕಲ್‌ಗಳಲ್ಲಿ ಎನಿಮಾ ಕೇಳಿದರೆ ತರಿಸಿಕೊಡುತ್ತೇವೆ ಎನ್ನುತ್ತಾರೆ, ಅದು ಯಾವಾಗ ಬರುತ್ತದೋ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ದಾರಿ ಮುಚ್ಚಿಹೋಯಿತು. ಅಲ್ಲಿಂದ ಈಚೆಗೆ ಮೇ ತಿಂಗಳಲ್ಲೇ ಮಳೆಗಾಲದ ಮದ್ದು ಪೂರ್ತಿ ತಂದಿಡುತ್ತೇನೆ. ಬೇರೆ ಬ್ರ್ಯಾಂಡ್ ಕೊಟ್ಟರೆ ಸುಮ್ನೆ ತರಬೇಡಿ. ಪದರ ಕರಗುವ ರೀತಿ ಬೇರೆ ಇರುತ್ತದೆ, ಡಾಕ್ಟರಿಗೆ ಒಂದು ಮಾತು ಕೇಳಿ.

ಇನ್ನೊಂದು. ಕಾಫಿ ಕೊಯ್ಲಿನ ಸಮಯದಲ್ಲಿ ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವುದು ನಮ್ಮಲ್ಲಿ ಮಾಮೂಲು. ಈ ಕಾಯಿಲೆ ಇದ್ದವರಿಗೆ ಅವು ಕರುಳನ್ನು ಕೆರಳಿಸಬಹುದು. ಪ್ಯಾರಾಸಿಟಮಾಲ್ ವಾಸಿ. ಮೆಸಲಮೈನ್ ಅಪರೂಪಕ್ಕೆ ಮೂತ್ರಪಿಂಡಕ್ಕೆ ತೊಂದರೆ ಮಾಡುತ್ತದೆ, ಹಾಗಾಗಿ ಕ್ರಿಯಾಟಿನಿನ್ ಪರೀಕ್ಷೆ ಬಿಡಬೇಡಿ. ಕಾಯಿಲೆ ಶುರುವಾಗಿ ಎಂಟು ವರ್ಷವಾದವರು ಕ್ಯಾನ್ಸರ್ ತಪಾಸಣೆಗೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ನನ್ನ ಮುಂದಿನ ಸರದಿ ರೊಬಸ್ಟಾ ಕೊಯ್ಲು ಮುಗಿದ ಮೇಲೆ.